ಧಾರಾವಾಹಿಯ ಮನೆ ಹುಡುಕುವ ಮೀಟರಕ್ಕ

ಬೆಳಿಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷ ಇರುವಾಗಲೇ ಬೀದಿಯ ಮೊದಲ ಗೇಟಿನ ಚಿಲಕ ಸದ್ದಿಲ್ಲದೆ ಮೇಲೇಳುತ್ತದೆ. ಒಳಗೆ ಬಂದವರ ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಬಿಲ್ ಹರಿಯುವ ಪುಟ್ಟ ಯಂತ್ರ, ಕಂಕುಳಲ್ಲಿ ಮಡಿಸಿದ ಛತ್ರಿ. ಛತ್ರಿ ಮಳೆಗಲ್ಲ, ನಾಯಿಗೆ. ಬಾಗಿಲ ಪಕ್ಕದ ಕರೆಂಟ್ ಮೀಟರಿನ ಗಾಜನ್ನು ಕರ್ಚೀಫಿನಿಂದ ಒರೆಸಿ, ಅಂಕಿಯನ್ನು ತುಟಿಯಲ್ಲೇ ಎರಡು ಸಲ ಓದಿ, ಯಂತ್ರಕ್ಕೆ ಒತ್ತಿ, ಹೊರಬಂದ ಚೀಟಿಯನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಅವರು ಗೇಟು ದಾಟುವಾಗ ಕಳೆದಿರುವುದು ನಲವತ್ತೇ ಸೆಕೆಂಡು. ಒಳಗೆ ಮಲಗಿದವರು ಮಗ್ಗುಲು ಕೂಡ ಬದಲಿಸಿರುವುದಿಲ್ಲ.

ಬೀದಿಯವರ ಬಾಯಲ್ಲಿ ಇವರು ಮೀಟರಕ್ಕ. ವಯಸ್ಸು ಐವತ್ತೆರಡು. ದಿನಕ್ಕೆ ಇನ್ನೂರ ಇಪ್ಪತ್ತು ಮೀಟರು, ಹನ್ನೊಂದು ಕಿಲೋಮೀಟರು ನಡಿಗೆ, ವರ್ಷಕ್ಕೆ ಮೂರು ಜೊತೆ ಚಪ್ಪಲಿ, ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ನಾಲ್ಕು ನಾಯಿ ಕಡಿತ. ಇಷ್ಟು ಆಫೀಸಿಗೂ ಗೊತ್ತು. ಆಫೀಸಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಹಳೆಯ ಹಾಸ್ಯ ಧಾರಾವಾಹಿಗಳಲ್ಲಿ ನಾವೆಲ್ಲ ಹೊರಗಿನಿಂದ ನೂರಾರು ಸಲ ನೋಡಿದ, ಆದರೆ ಎಲ್ಲಿವೆಯೆಂದು ಯಾರಿಗೂ ತಿಳಿಯದ ನಿಜವಾದ ಮನೆಗಳನ್ನು ಇವರು ಹುಡುಕುತ್ತಾರೆ. ಹದಿನಾಲ್ಕು ವರ್ಷದಲ್ಲಿ ಮೂವತ್ತೇಳು ಮನೆ ಸಿಕ್ಕಿವೆ. ಇಂಥ ಧಾರಾವಾಹಿಗಳ ಅಭಿಮಾನಿಗಳ ಬಳಗದ ಪಟ್ಟಿಯಲ್ಲಿ ಆ ಮೂವತ್ತೇಳರ ಮುಂದೆಯೂ ‘ಹುಡುಕಿದವರು: ಒಬ್ಬ ವೀಕ್ಷಕಿ’ ಎಂದಷ್ಟೇ ಇದೆ.

ಇವತ್ತು ಮಾತ್ರ ಅವರ ಕಾಲು ಎಂದಿನಂತೆ ಓಡುತ್ತಿಲ್ಲ. ಬೀದಿಯ ನಡುವೆ ಒಂದು ಮನೆಯಿದೆ. ಅದರ ಯಜಮಾನರಿಗೆ ಮೂರು ವರ್ಷದ ಹಿಂದೆ ಮೀಟರಕ್ಕ ಒಂದು ಮಾತು ಹೇಳಿದ್ದರು: ನಿಮ್ಮದೇ ಟಿವಿಯಲ್ಲಿ ಬರುವ ಆ ಪ್ರಸಿದ್ಧ ಮನೆ ಎಂದು. ಆ ಮಾತು ತಪ್ಪು. ಇವತ್ತು ಅದನ್ನು ಅವರೆದುರು ನಿಂತು ಹಿಂದಕ್ಕೆ ತೆಗೆದುಕೊಳ್ಳಬೇಕು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಅವರು ಬೆಳಗಿನಿಂದ ಮೂರು ಸಲ ಹೇಳಿಕೊಂಡಿದ್ದಾರೆ.

ಈ ಹುಚ್ಚು ಹತ್ತಿದ್ದು ಮೊಣಕಾಲಿನಿಂದ. ಹದಿನಾಲ್ಕು ವರ್ಷದ ಹಿಂದೆ ಒಂದು ಮನೆಯ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ಮಂಡಿಚಿಪ್ಪು ಮುರಿದುಕೊಂಡು ಮೂರು ತಿಂಗಳು ಮಂಚ ಹಿಡಿದರು. ಮಂಚದ ಎದುರಿಗೆ ಟಿವಿ, ಟಿವಿಯ ರಿಮೋಟು ಅತ್ತೆಯ ಕೈಯಲ್ಲಿ. ಅತ್ತೆಗೆ ಹಳೆಯ ಹಾಸ್ಯ ಧಾರಾವಾಹಿಯೆಂದರೆ ಪ್ರಾಣ. ಅಲ್ಲಿಯವರೆಗೆ ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುವಂತೆ ಬದುಕಿದ್ದ ಇಬ್ಬರಿಗೂ ಅದೇ ಮೊದಲ ಸಲ ಒಂದೇ ಕಾಲ ಬಂತು.

“ಒಂದು ಮಧ್ಯಾಹ್ನ ಸೀರಿಯಲ್ ಶುರುವಲ್ಲಿ ಒಂದು ಗೇಟ್ ತೋರಿಸಿದ್ರು,” ಎನ್ನುತ್ತಾರೆ ಮೀಟರಕ್ಕ. “ಹೀರೋ ಅದನ್ನ ತಳ್ಳಿದ, ತೆಗೀಲಿಲ್ಲ. ಮೇಲೆತ್ತಿ ಎಡಕ್ಕೆ ತಳ್ಳಪ್ಪಾ ಅಂತ ನಾನು ಮಲಗಿದ್ದಲ್ಲಿಂದಲೇ ಹೇಳಿದೆ. ಅವನು ಹಾಗೇ ಮಾಡಿದ, ತೆರೀತು. ಅತ್ತೆ ತಿರುಗಿ ನನ್ನ ಮುಖ ನೋಡಿದ್ರು. ನಿನಗೆ ಹ್ಯಾಗೆ ಗೊತ್ತು ಅಂದ್ರು. ಅಯ್ಯೋ, ಆ ಗೇಟನ್ನ ನಾನು ತಿಂಗಳಿಗೊಂದು ಸಲ ತೆಗೀತೀನಿ ಅತ್ತೆ, ಅಂದೆ.”

ಹೇಳುವಾಗ ಈಗಲೂ ಅವರ ಧ್ವನಿ ಒಂದು ಮಟ್ಟ ಮೇಲೇರುತ್ತದೆ. ಆ ಕಾಲದ ಧಾರಾವಾಹಿಗಳ ಅಡುಗೆಮನೆ, ನಡುಮನೆಗಳೆಲ್ಲ ಸ್ಟುಡಿಯೋದೊಳಗಿನ ಹಲಗೆಯ ಗೋಡೆಗಳು. ಹೊರಗಿನ ನೋಟಕ್ಕೆ ಮಾತ್ರ ಯಾವುದೋ ಬೀದಿಯ ಯಾರದೋ ಮನೆಯನ್ನು ಒಂದು ಬೆಳಿಗ್ಗೆ ಚಿತ್ರೀಕರಿಸಿಕೊಂಡು ಹೋಗುತ್ತಿದ್ದರು. ಆ ಐದು ಸೆಕೆಂಡಿನ ತುಣುಕನ್ನೇ ವರ್ಷಗಟ್ಟಲೆ ಪ್ರತಿ ವಾರ ತೋರಿಸುತ್ತಿದ್ದರು. ವಿಳಾಸವನ್ನು ಯಾರೂ ಬರೆದಿಡಲಿಲ್ಲ. ಮನೆಗಳು ಕೈ ಬದಲಾದವು, ಬಣ್ಣ ಬದಲಾದವು.

“ಬಣ್ಣ ನಂಬಬಾರದು, ಕಿಟಕಿ ನಂಬಬಾರದು,” ಎನ್ನುವುದು ಮೀಟರಕ್ಕನ ಪಾಠ. “ಮೆಟ್ಟಿಲು ನಂಬಬಹುದು. ಕಲ್ಲು ಕೀಳೋದು ಅಂದ್ರೆ ಎಲ್ಲರಿಗೂ ಸೋಮಾರಿತನ.” ಟಿವಿಯಲ್ಲಿ ಕಂಡ ಮೆಟ್ಟಿಲು ಎಷ್ಟು, ಲೈಟುಕಂಬ ಗೇಟಿನಿಂದ ಎಷ್ಟು ದೂರ, ಮಹಡಿಯ ನೀರಿನ ಪೈಪು ಯಾವ ಮೂಲೆಯಲ್ಲಿ ಇಳಿದಿದೆ ಎಂದು ಅತ್ತೆ ಹೇಳುತ್ತಾರೆ, ಸೊಸೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಭಾನುವಾರ ಬೀದಿ ಸುತ್ತಾಟ. ಮನೆ ಸಿಕ್ಕಿದರೆ ಮೊದಲು ಮನೆಯವರ ಒಪ್ಪಿಗೆ ಕೇಳಬೇಕು, ಅವರು ಹೂಂ ಎಂದರೆ ಮಾತ್ರ ಬಳಗಕ್ಕೆ ವಿಳಾಸ. ಬಸ್ ಡ್ರೈವರ್ ಆಗಿರುವ ಗಂಡ ಈ ಸಂಭ್ರಮವನ್ನೆಲ್ಲ ದೂರದಿಂದ ನೋಡುತ್ತಾರೆ. “ಊರವರ ಮನೆಯೆಲ್ಲ ಹುಡುಕಿದ್ದಾಯ್ತು, ಸಂಜೆ ನಮ್ಮನೆ ಸಿಗುತ್ತೇನೇ?” ಎಂದು ಕೇಳುವುದು ಅವರ ವಾರದ ಜೋಕು.

ಮೂವತ್ತೇಳನೆಯ ಮನೆ ಎಲ್ಲಕ್ಕಿಂತ ದೊಡ್ಡ ಬೇಟೆ. ಅದು ಎಡವುವ ಅಪ್ಪನ ಮನೆ. ಆ ಧಾರಾವಾಹಿಯ ಅಪ್ಪ ಪ್ರತಿ ಕಂತಿನಲ್ಲೂ ಆಫೀಸಿನಿಂದ ಬಂದು, ಏಳು ಮೆಟ್ಟಿಲಿನಲ್ಲಿ ಸರಿಯಾಗಿ ಮೂರನೆಯದನ್ನು ಎಡವಿ, ಚೀಲ ಚೆಲ್ಲಿ, ಯಾರೂ ನೋಡಲಿಲ್ಲವಲ್ಲ ಎಂದು ಆಚೀಚೆ ನೋಡಿಕೊಂಡು ಒಳಗೆ ಹೋಗುತ್ತಿದ್ದ. ಬಾಗಿಲಿನ ಎಡಕ್ಕೆ ಒಂದು ದುಂಡು ಕಿಟಕಿ. ಐದು ವರ್ಷ ಹುಡುಕಿದ ಮೇಲೆ ಮೀಟರಕ್ಕನಿಗೆ ಅಂಥ ಒಂದಲ್ಲ, ಎರಡು ಮನೆ ಸಿಕ್ಕಿದವು, ಆಗಷ್ಟೇ ಅವರ ಪಾಲಿಗೆ ಬಂದಿದ್ದ ಈ ಬೀದಿಯಲ್ಲೇ, ಎದುರುಬದುರು. ಹಿಂದೆ ಇಬ್ಬರು ಅಣ್ಣತಮ್ಮಂದಿರು ಒಂದೇ ನಕ್ಷೆಯನ್ನು ತಿರುವುಮುರುವಾಗಿಸಿ ಕಟ್ಟಿಸಿದ ಮನೆಗಳವು. ಒಂದಕ್ಕೆ ದುಂಡು ಕಿಟಕಿ ಬಾಗಿಲಿನ ಎಡಕ್ಕೆ, ಇನ್ನೊಂದಕ್ಕೆ ಬಲಕ್ಕೆ. ಟಿವಿಯಲ್ಲಿ ಕಂಡದ್ದು ಎಡಕ್ಕೆ. ಇನ್ನು ಅನುಮಾನವೆಲ್ಲಿಯದು?

ಎಡಕಿಟಕಿಯ ಮನೆ ಒಬ್ಬ ನಿವೃತ್ತ ಗಡಿಯಾರ ರಿಪೇರಿಯವರದು. ಎಪ್ಪತ್ತೆಂಟು ವರ್ಷ, ಹೆಂಡತಿ ತೀರಿಕೊಂಡು ಆಗಷ್ಟೇ ಆರು ತಿಂಗಳಾಗಿತ್ತು. ಸುದ್ದಿ ಕೇಳಿ ಅವರು ಒಳಗೆ ಹೋಗಿ, ಎರಡು ಕುರ್ಚಿ ಹೊರಗೆ ತಂದು ಹಾಕಿದರು. ಆ ಕುರ್ಚಿಗಳು ಮತ್ತೆ ಒಳಗೆ ಹೋಗಿಲ್ಲ. ಭಾನುವಾರ ಹತ್ತಿಪ್ಪತ್ತು ಜನ ಬರುತ್ತಾರೆ, ಮೂರನೇ ಮೆಟ್ಟಿಲಿನಲ್ಲಿ ಎಡವಿದಂತೆ ನಟಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ಯಜಮಾನರು ಯಾರಿಗೆ ಎಡವಲು ಬರುವುದಿಲ್ಲವೋ ಅವರಿಗೆ ಹೇಳಿಕೊಡುತ್ತಾರೆ. ಎದುರಿನ ಬಲಕಿಟಕಿಯ ಮನೆಯ ನರ್ಸಮ್ಮನಿಗೆ ಮಾತ್ರ ಇದು ತಲೆನೋವು, ಅವರು ರಾತ್ರಿ ಡ್ಯೂಟಿ ಮುಗಿಸಿ ಬಂದು ಹಗಲು ಮಲಗುವವರು.

ಎರಡು ವಾರದ ಹಿಂದೆ ಆ ಧಾರಾವಾಹಿಯ ಹಳೆಯ ಫಿಲಂ ಸುರುಳಿಯನ್ನು ತೊಳೆದು ಸ್ವಚ್ಛ ಮಾಡಿ ಮತ್ತೆ ಪ್ರಸಾರ ಮಾಡಿದರು. ಎಂಬತ್ತೊಂದರ ಅತ್ತೆಗೆ ಆಗಷ್ಟೇ ಕಣ್ಣಿನ ಪೊರೆ ತೆಗೆದಿತ್ತು. ಚಿತ್ರವೂ ಹೊಸದು, ಕಣ್ಣೂ ಹೊಸದು. ಅತ್ತೆ ಟಿವಿಯ ಹತ್ತಿರ ಹೋಗಿ ಬಾಗಿಲಿನ ಎಡಗಡೆಯ ಗೋಡೆಗೆ ಬೆರಳಿಟ್ಟರು. ಅಲ್ಲೊಂದು ಕಪ್ಪು ಡಬ್ಬಿ. ಇಷ್ಟು ವರ್ಷ ಇಬ್ಬರೂ ಅದನ್ನು ಅಂಚೆ ಡಬ್ಬಿ ಎಂದುಕೊಂಡಿದ್ದರು.

“ಅಂಚೆ ಡಬ್ಬಿಗೆ ಗಾಜು ಯಾಕಿದೆಯೇ?” ಎಂದರು ಅತ್ತೆ.

ಸೊಸೆ ನೋಡಿದರು. ಅದು ಕರೆಂಟ್ ಮೀಟರು. ದಿನಕ್ಕೆ ಇನ್ನೂರ ಇಪ್ಪತ್ತು ಮೀಟರು ನೋಡುವ ಕಣ್ಣು ರಜೆಯ ದಿನ ಮೀಟರನ್ನೇ ನೋಡಲು ಒಪ್ಪಿರಲಿಲ್ಲ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಕಥೆ. ಆದರೆ ನಾಚಿಕೆಗೆ ಮೊದಲು ಅವರಿಗೆ ಒಂದು ಅನುಮಾನ ಬಂತು. ಮೀಟರು ಎಡಕ್ಕಿದೆ, ಎಡಕ್ಕೆ ಹೇಗಿರಲು ಸಾಧ್ಯ?

“ಬಾಗಿಲಿಗೆ ಮುಖ ಮಾಡಿ ನಿಂತರೆ ಮೀಟರು ಬಲಗೈಗೇ ಸಿಗಬೇಕು. ಹಳೇ ಮನೆಗೆಲ್ಲ ಅದೇ ರೂಲು. ಮನೆ ನಕ್ಷೆ ಹ್ಯಾಗಾದ್ರೂ ಇರ್ಲಿ, ಮೀಟರು ಬಲಕ್ಕೆ. ಇಪ್ಪತ್ತಾರು ವರ್ಷದಲ್ಲಿ ಎಡಕ್ಕಿರೋ ಒಂದು ಮೀಟರ್ ನಾನು ಕಂಡಿಲ್ಲ. ಅತ್ತೆ, ಕನ್ನಡಿ ಕೊಡಿ ಅಂದೆ. ಅವರು ಈಗ ತಲೆ ಬಾಚ್ತೀಯಾ ಅಂದ್ರು.”

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ, ಈ ಹುಣ್ಣಿಗೆ ಬೇಕಾಯಿತು. ಟಿವಿಗೆ ಬೆನ್ನು ಮಾಡಿ ನಿಂತು ಕೈಗನ್ನಡಿಯಲ್ಲಿ ಚಿತ್ರ ನೋಡಿದರೆ ಮೀಟರು ಬಲಕ್ಕೆ ಬಂತು, ದುಂಡು ಕಿಟಕಿಯೂ ಬಲಕ್ಕೆ ಬಂತು. ಕಣ್ಣೆದುರು ನಿಂತಿದ್ದು ನರ್ಸಮ್ಮನ ಮನೆ. ಆ ಧಾರಾವಾಹಿಯ ಸಂಕಲನಕಾರರಿಗೆ ಸಹಾಯಕರಾಗಿದ್ದವರೊಬ್ಬರು ಮರುದಿನ ಫೋನಿನಲ್ಲಿ ನಗುತ್ತಾ ಒಪ್ಪಿಕೊಂಡರು. ಅಪ್ಪ ಹೊರಗೆ ಬಲಕ್ಕೆ ನಡೆದು ಒಳಗಿನ ಸೆಟ್ಟಿನಲ್ಲಿ ಎಡಕ್ಕೆ ನಡೆಯುತ್ತಿದ್ದನಂತೆ, ಮನೆಗೆ ಬಂದವನು ವಾಪಸ್ ಹೋದಂತೆ ಕಾಣುತ್ತಿತ್ತಂತೆ, ಅದಕ್ಕೆ ಹೊರಗಿನ ಫಿಲಮ್ಮನ್ನೇ ಮಗುಚಿ ಹಾಕಿದ್ದರಂತೆ.

ಗುಟ್ಟು ಬಿಡಿಸಿದ ಖುಷಿ ಸಂಜೆಯವರೆಗೆ ಇತ್ತು. ಆಮೇಲೆ ಆ ಎರಡು ಕುರ್ಚಿ ನೆನಪಾದವು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಸುಮ್ಮನಿದ್ದುಬಿಡಬಹುದಿತ್ತು, ಕೇಳುವವರು ಯಾರೂ ಇರಲಿಲ್ಲ. ಎರಡು ಭಾನುವಾರ ಬೀದಿಯ ತುದಿಯವರೆಗೆ ಬಂದು ಹಿಂದಿರುಗಿದರು. ಕೊನೆಗೆ ಅತ್ತೆಯೇ ಕೇಳಿದರು.

“ತಪ್ಪು ರೀಡಿಂಗ್ ಬರೆದುಬಂದ್ರೆ ಏನ್ ಮಾಡ್ತೀಯ?”

“ಮಾರನೇ ದಿನ ಹೋಗಿ ತಿದ್ದಿ ಬರ್ತೀನಿ.”

“ಅವರು ಬೈದ್ರೆ?”

“ಬೈಸ್ಕೋತೀನಿ.”

“ಮತ್ತೆ ಇದಕ್ಕೇನು ಬೇರೆ ರೂಲಾ?” ಎಂದು ಅತ್ತೆ ಟಿವಿಯ ಕಡೆ ತಿರುಗಿದರು.

ಹೀಗಾಗಿ ಇವತ್ತು, ಆರೂವರೆಗೆ, ಮೀಟರಕ್ಕ ಆ ಗೇಟು ತೆರೆಯುತ್ತಾರೆ. ಯಜಮಾನರು ಆಗಲೇ ಎದ್ದು ಮೂರನೇ ಮೆಟ್ಟಿಲನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಾರೆ. ಮೀಟರಕ್ಕ ಅಂಕಿ ಓದುತ್ತಾರೆ, ಚೀಟಿ ಕೊಡುತ್ತಾರೆ, ಎಂದಿನಂತೆ ಗೇಟಿನ ಕಡೆ ತಿರುಗುವುದಿಲ್ಲ.

“ಯಜಮಾನ್ರೇ, ನಾನೊಂದು ತಪ್ಪು ಮಾಡಿದೀನಿ. ಆ ಮನೆ ಇದಲ್ಲ. ಎದುರುಗಡೇದು.”

ಗಾಜು, ಮೀಟರು, ಕನ್ನಡಿ, ಮಗುಚಿದ ಫಿಲಮ್ಮು, ಒಂದನ್ನೂ ಬಿಡದೆ ಹೇಳುತ್ತಾರೆ. ಯಜಮಾನರು ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿ ಮೆಟ್ಟಿಲ ಮೇಲೆ ಕೂರುತ್ತಾರೆ. ಕುರ್ಚಿಗಳ ಕಡೆ ಒಂದು ಸಲ ನೋಡುತ್ತಾರೆ. ಬೈಯುವುದಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಎಂದು ಮೀಟರಕ್ಕ ಆಮೇಲೆ ಹೇಳುತ್ತಾರೆ.

“ಇನ್ಮೇಲೆ ಯಾರೂ ಬರಲ್ಲ ಅನ್ನಿ,” ಎನ್ನುತ್ತಾರೆ ಯಜಮಾನರು. ಎದುರುಮನೆಯ ಕಡೆ ತಿರುಗುತ್ತಾರೆ. ನಲವತ್ತು ವರ್ಷ ಗಡಿಯಾರದ ಹೊಟ್ಟೆ ಬಿಚ್ಚಿ ನೋಡಿದ ಬುದ್ಧಿ ಸುಮ್ಮನಿರಬೇಕಲ್ಲ. “ಹಾಗಾದ್ರೆ ತಾಯಿ, ಕ್ಯಾಮೆರಾ ಎಲ್ಲಿಟ್ಟಿದ್ರು?”

ಮೀಟರಕ್ಕ ತಿರುಗಿ ಬೀದಿಯ ಅಗಲವನ್ನು ಕಣ್ಣಲ್ಲೇ ಅಳೆಯುತ್ತಾರೆ. ಮೂವತ್ತೇಳು ಮನೆಯಲ್ಲಿ ಒಂದರಲ್ಲೂ ಈ ಪ್ರಶ್ನೆ ಅವರಿಗೆ ಹೊಳೆದಿಲ್ಲ. ಬೀದಿ ಕಿರಿದು. ರಸ್ತೆಯಲ್ಲಿ ನಿಂತರೆ ಎದುರುಮನೆಯ ಮಹಡಿ ಚೌಕಟ್ಟಿಗೆ ಸಿಕ್ಕುವುದಿಲ್ಲ. ಅವರು ಬಿಲ್ ಯಂತ್ರವನ್ನು ಕುರ್ಚಿಯ ಮೇಲಿಟ್ಟು, ಜೇಬಿನ ಫೋನು ತೆಗೆದು ಎದುರುಮನೆಯತ್ತ ಹಿಡಿಯುತ್ತಾರೆ. ಮೊದಲ ಮೆಟ್ಟಿಲಿನಿಂದ ಗೇಟು ಅಡ್ಡ ಬರುತ್ತದೆ. ಎರಡನೆಯದರಿಂದಲೂ ಅಷ್ಟೇ. ಮೂರನೆಯದರಲ್ಲಿ ಬಾಗಿಲು ಸರಿಹೋಗುತ್ತದೆ, ಆದರೆ ಮಹಡಿಯ ಅಂಚು ತುಂಡಾಗುತ್ತದೆ. ನಾಲ್ಕನೆಯದಕ್ಕೆ ಹತ್ತುತ್ತಾರೆ. ದುಂಡು ಕಿಟಕಿ, ಏಳು ಮೆಟ್ಟಿಲು, ಮಹಡಿಯ ಅಂಚು, ಮೂಲೆಯಲ್ಲಿ ಅರ್ಧ ಲೈಟುಕಂಬ ಎಲ್ಲವೂ ಟಿವಿಯಲ್ಲಿದ್ದಂತೆಯೇ ಕೂಡಿಕೊಳ್ಳುತ್ತವೆ, ಎಡಬಲ ಮಾತ್ರ ಅದಲುಬದಲು.

“ಯಜಮಾನ್ರೇ, ಇಲ್ಲಿ,” ಎಂದು ಕರೆಯುತ್ತಾರೆ. “ಕ್ಯಾಮೆರಾದವರು ಈ ಕಲ್ಲಿನ ಮೇಲೇ ನಿಂತಿದ್ರು.”

ಯಜಮಾನರು ಕಂಬಿ ಹಿಡಿದು ಮೇಲೆ ಬಂದು ಅವರ ಹೆಗಲ ಪಕ್ಕದಿಂದ ಫೋನಿನೊಳಗೆ ನೋಡುತ್ತಾರೆ. “ನನ್ನ ಮೆಟ್ಟಿಲ ಮೇಲಾ?” ಎಂದು ಎರಡು ಸಲ ಕೇಳುತ್ತಾರೆ. ಅಷ್ಟರಲ್ಲಿ ಡ್ಯೂಟಿ ಮುಗಿಸಿ ನರ್ಸಮ್ಮ ಬರುತ್ತಾರೆ. ತಮ್ಮ ಮನೆಗೆ ಗುರಿಯಿಟ್ಟು ನಿಂತ ಇಬ್ಬರನ್ನು ಕಂಡು ಏನೆಂದು ವಿಚಾರಿಸುತ್ತಾರೆ. ಪೂರ್ತಿ ಕೇಳಿದ ಮೇಲೆ ಚೀಲವನ್ನು ಹೆಗಲಿಂದ ಇಳಿಸುತ್ತಾರೆ.

“ಮೂರು ವರ್ಷ ಇವರ ಮನೆಗೆ ಬಂದವರ ಗಲಾಟೆಗೆ ನಾನು ನಿದ್ದೆ ಕೆಟ್ಟೆ, ಈಗ ನನ್ನ ಮನೆಗೇ ಬರ್ತಾರಾ?” ಎಂದು ನಗುತ್ತಾರೆ. “ವಿಳಾಸ ಕೊಡಿ, ಬೇಡ ಅನ್ನಲ್ಲ. ಆದ್ರೆ ನನ್ನ ಗೇಟು ಮುಟ್ಟಬಾರದು. ಫೋಟೋ ಏನಿದ್ರೂ ಅಲ್ಲಿಂದಲೇ, ಇವರ ಮೆಟ್ಟಿಲಿಂದಲೇ ತೆಗೀಲಿ.”

“ಬೇರೆ ಎಲ್ಲಿಂದ ತೆಗೆದ್ರೂ ಸರಿಯಾಗಿ ಬರಲ್ಲ,” ಎಂದು ಯಜಮಾನರು ಆಗಲೇ ತಜ್ಞರ ಧಾಟಿಯಲ್ಲಿ ಹೇಳುತ್ತಾರೆ. “ನಾಲ್ಕನೇ ಮೆಟ್ಟಿಲೇ ಆಗಬೇಕು. ನಿಲ್ಲೋದು ಹ್ಯಾಗೆ ಅಂತ ನಾನು ತೋರಿಸ್ತೀನಿ.” ಹೇಳಿ, ಬಕೆಟ್ಟಿನಿಂದ ಬಟ್ಟೆ ತೆಗೆದು ನಾಲ್ಕನೇ ಮೆಟ್ಟಿಲನ್ನು ಒರೆಸತೊಡಗುತ್ತಾರೆ.

ಮೀಟರಕ್ಕನಿಗೆ ಇನ್ನೂ ನೂರ ತೊಂಬತ್ತು ಮೀಟರು ಬಾಕಿ. ಬಿಲ್ ಯಂತ್ರ ಎತ್ತಿಕೊಂಡು ಮುಂದಿನ ಗೇಟಿನ ಕಡೆ ಓಡುನಡಿಗೆಯಲ್ಲಿ ಹೊರಡುತ್ತಾರೆ, ಮಾತು ಮಾತ್ರ ನಿಲ್ಲಿಸುವುದಿಲ್ಲ.

“ಮೂವತ್ತೇಳು ಮನೆ ಹುಡುಕಿದೆ ಅಂತ ಬೀಗ್ತಾ ಇದ್ದೆ. ಎದುರುಮನೆಯವರನ್ನ ಒಬ್ಬರನ್ನೂ ಮಾತಾಡ್ಸಿಲ್ಲ ನೋಡಿ. ಒಂದು ಮನೆ ಟಿವಿಯಲ್ಲಿ ಬರಬೇಕಾದ್ರೆ ಎದುರಿಗೆ ಯಾರೋ ಒಬ್ಬರು ನಿಲ್ಲೋಕೆ ಜಾಗ ಕೊಟ್ಟಿರ್ತಾರಲ್ವಾ? ರಿಟೈರ್ ಆಗೋಕೆ ಇನ್ನೂ ಎಂಟು ವರ್ಷ ಇದೆ. ಅಷ್ಟರೊಳಗೆ ಅವರ ಬಾಗಿಲೂ ತಟ್ಟಿ, ಕ್ಯಾಮೆರಾ ನಿಮ್ಮಲ್ಲೇ ಇತ್ತು ಅಂತ ಹೇಳಬೇಕು. ಅಷ್ಟಾದ್ರೆ ಸಾಕು.”