ಹರಿಹರದ ಮನೆ ತೋರಿಸಿದ ಕಂಟ್ರಾಕ್ಟರ್

ಆ ಕಂಟ್ರಾಕ್ಟರ್ ತಮ್ಮ ಕೆಲಸವನ್ನು ತಾವೇ ಕೆಡಿಸಿಕೊಂಡರು ಎಂದು ವಿದ್ಯಾನಗರದ ನಮ್ಮ ಬಡಾವಣೆಯಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ.

ಖಾಲಿ ಸೈಟುಗಳಲ್ಲಿ ಮನೆ ಕಟ್ಟುವ ಕೆಲಸವನ್ನೆಲ್ಲ ಒಬ್ಬರಿಗೇ ಕೊಡಿಸಲು ನಿವಾಸಿಗಳ ಸಂಘ ಯೋಚಿಸಿತ್ತು. ಉಳಿದ ಕಂಟ್ರಾಕ್ಟರುಗಳು ಬಣ್ಣದ ಪುಸ್ತಿಕೆ ಹಂಚಿದರು. ಇವರದು ಮಾತ್ರ ಒಂದೇ ಮಾತು: "ಫೋಟೋ ಬ್ಯಾಡ್ರಿ, ಕಟ್ಟಿದ ಮನಿಗೇ ಬರ್ರಿ." ಸೋರದ ಮನೆಗಳನ್ನು ಇವರು ನಮ್ಮೂರಿನ ವಿನೋಬನಗರದಲ್ಲೇ ಕಟ್ಟಿದ್ದರು. ಆದರೂ ಸಂಘದವರನ್ನು ಹರಿಹರಕ್ಕೆ ಕರೆದೊಯ್ದರು. ಸಂಘದ ಕಾರ್ಯದರ್ಶಿಯಾದ ಅಪ್ಪನ ಜೊತೆ ನಾನೂ ಹೋದೆ. ದಾರಿಯುದ್ದಕ್ಕೂ ಕಂಟ್ರಾಕ್ಟರ್ ಕರವಸ್ತ್ರವನ್ನು ಮಡಿಸುತ್ತ, ಬಿಚ್ಚುತ್ತ ಕೂತಿದ್ದರು. "ಇದು ಸಿಗ್ಲಿಲ್ಲಂದ್ರೆ ನನ್ನ ಗಾರೆಯವ್ರೆಲ್ಲ ಬ್ಯಾರೆ ಕಡೆ ಹೋಗ್ತಾರೆ" ಎಂದು ಒಮ್ಮೆ ಮೆಲ್ಲಗೆ ಅಂದರು.

ಹರಿಹರದಲ್ಲಿ ಅವರು ಕಟ್ಟಿದ್ದ ಮನೆಯಾಕೆ ಚಹಾ ಕೊಡುತ್ತ, "ಮಳಿಗಾಲಕ್ಕ ಮ್ಯಾಲಿನ ಮೂಲಿ ಒಸರತೈತ್ರಿ" ಎಂದರು. ಸಂಘದ ಅಧ್ಯಕ್ಷರು ನಕ್ಕರು: "ಏನ್ರಿ ಸಾಹೇಬ್ರೆ, ಸೋರೋ ಮನಿ ತೋರ್ಸಾಕ ಇಷ್ಟು ದೂರ ಕರ್ಕೊಂಡು ಬಂದ್ರಾ?"

"ಫೋನ್ ಮಾಡಿದ ದಿನಾನೇ ಇವ್ರು ಬಂದು ಸರಿ ಮಾಡ್ತಾರ್ರಿ" ಎಂದು ಆಕೆ ಸೇರಿಸುವಷ್ಟರಲ್ಲಿ ಎಲ್ಲರೂ ಚಪ್ಪಲಿ ಮೆಟ್ಟಿಯಾಗಿತ್ತು. ಕೆಲಸ ಪುಸ್ತಿಕೆ ಹಂಚಿದವರೊಬ್ಬರ ಪಾಲಾಯಿತು.

ನಮ್ಮ ಮನೆಯ ಅಡುಗೆಕೋಣೆಯ ಗೋಡೆಯೂ ಪ್ರತಿ ಮಳೆಗಾಲ ಒದ್ದೆಯಾಗುತ್ತದೆ. ಅದನ್ನೇ ತೋರಿಸಿ ಅಪ್ಪನನ್ನು ಕೇಳಿದೆ: "ಇದನ್ನ ಕಟ್ಟಿದಾತ ನಿಮ್ಮ ಫೋನ್ ಎತ್ತಿ ಎಷ್ಟು ವರ್ಷ ಆತಪ್ಪ?"