ಅಪ್ಪ ಕನ್ನಡಕ್ಕೆ ತಂದ ಹಿಂದಿ ಕಾಲೇಜು

ನಿನ್ನೆ ಅಕ್ಕನ ಮಗಳ ಫೋನಿನಲ್ಲಿ ಹಳೆಯ ಹಿಂದಿ ಧಾರಾವಾಹಿಯೊಂದರ ತುಣುಕು ಓಡುತ್ತಿತ್ತು. ಕಾಲೇಜು ಕ್ಯಾಂಟೀನು, ಜೋಲಾಡುವ ಟೀ ಶರ್ಟುಗಳು, ಮಾತುಮಾತಿಗೂ ಕಾಣದ ಜನರ ನಗು.

ಆ ಕಾಲದಲ್ಲಿ ತಮಿಳುನಾಡಿನ ಗಿಂಡಿ ಬಡಾವಣೆಯ ಬಾಡಿಗೆ ಮನೆಯಲ್ಲಿ ಅದನ್ನು ಎಲ್ಲರೂ ಕೂತು ನೋಡುತ್ತಿದ್ದೆವು. ರೈಲ್ವೆಯಲ್ಲಿದ್ದ ಅಪ್ಪ ಕೆಲವು ವರ್ಷ ಉತ್ತರದ ಕಡೆ ಇದ್ದು ಬಂದವರು; ಅಜ್ಜಿಗೆ ಮಾತುಗಳನ್ನು ಕನ್ನಡದಲ್ಲಿ ಹೇಳುವ ಕೆಲಸ ಅವರದು. ಹುಡುಗ ಹುಡುಗಿಯ ಕೈ ಹಿಡಿದರೆ ಅಪ್ಪ ಟವೆಲ್ ಮಡಚುತ್ತಾ, "ನೋಟ್ಸ್ ಕೇಳ್ತಿದಾನೆ" ಎನ್ನುತ್ತಿದ್ದರು. ಹುಡುಗಿ ಅತ್ತರೆ, "ಮಾರ್ಕ್ಸ್ ಕಮ್ಮಿ ಬಂತಂತೆ." ಅಜ್ಜಿ ಸೊಪ್ಪು ಬಿಡಿಸುತ್ತಾ ಲೊಚಗುಟ್ಟುತ್ತಿದ್ದಳು. ಟ್ಯೂಷನ್ನಿನಲ್ಲಿ ಹಿಂದಿ ಕಲಿತಿದ್ದ ಅಕ್ಕ ತುಟಿ ಕಚ್ಚಿಕೊಂಡು ಕೂರುತ್ತಿದ್ದಳು.

ಆಮೇಲೆ ಅಕ್ಕನಿಗೆ ಕ್ರೋಂಪೇಟೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಹುಡುಗರೂ ಓದುವ ಕಾಲೇಜು ಬೇಡವೆಂದು ಅಪ್ಪ ಅರ್ಜಿಗೆ ಸಹಿ ಹಾಕಲಿಲ್ಲ. ಅಕ್ಕ ಎರಡು ದಿನ ಊಟ ಬಿಟ್ಟಳು. ಮೂರನೆಯ ದಿನ ಅಜ್ಜಿ ಬಾಯಿ ತೆರೆದಳು.

"ಹುಡುಗ್ರಿದ್ರೆ ಏನಾಯ್ತೋ? ಟೀವೀಲಿ ನೋಡ್ತಿಲ್ವಾ? ಆ ಮಕ್ಳು ಪಾಪ, ಓದು ಬಿಟ್ರೆ ಬೇರೆ ಮಾತೇ ಆಡಲ್ಲ. ನೀನೇ ತಾನೆ ಹೇಳೋದು?"

ಅಪ್ಪ ಅಕ್ಕನನ್ನು ನೋಡಿದರು. ಅಕ್ಕ ಗೋಡೆ ನೋಡಿದಳು. ಅಪ್ಪ ಜೇಬಿನಿಂದ ಪೆನ್ನು ತೆಗೆದರು.

ನಿನ್ನೆ ಅಕ್ಕನ ಮಗಳು ಫೋನನ್ನು ತಾತನ ಮುಂದೆ ಹಿಡಿದು, ಈ ಹುಡುಗ ಏನು ಹೇಳುತ್ತಿದ್ದಾನೆ ಎಂದು ತಮಿಳಿನಲ್ಲಿ ಕೇಳಿದಳು.

"ನೋಟ್ಸ್ ಕೇಳ್ತಿದಾನಮ್ಮ," ಎಂದರು ಅಪ್ಪ.

ಕ್ರೋಂಪೇಟೆಯಲ್ಲಿ ಜೊತೆಗೆ ಓದಿದವನನ್ನೇ ಮದುವೆಯಾದ ಅಕ್ಕ, ಗಂಡನ ತಟ್ಟೆಗೆ ಸಾರು ಬಡಿಸುತ್ತಿದ್ದಳು. ತಿದ್ದಲಿಲ್ಲ.