ನರ್ಸಕ್ಕನ ಕಾರಿಗೆ ಬಂದ ಜ್ವರ

ನರ್ಸಕ್ಕನ ಕಾರಿಗೆ ನಲವತ್ತನಾಲ್ಕು ವರ್ಷ. ಆಸ್ಪತ್ರೆಯ ಹಳೆಯ ಡಾಕ್ಟರು ತಮ್ಮ ಕಣ್ಣು ಮಂಜಾದಾಗ, "ಇದನ್ನ ಗದರಿಸದೆ ಓಡಿಸೋರು ನೀವೊಬ್ಬರೇ" ಎಂದು ಕೀಲಿಯನ್ನು ಅವರಿಗೆ ಒಪ್ಪಿಸಿದ್ದರು. ಅಲ್ಲಿಂದ ಇಪ್ಪತ್ತಾರು ವರ್ಷ, ಹೆರಿಗೆ ಚೀಲವನ್ನು ಪಕ್ಕದ ಸೀಟಿನಲ್ಲಿಟ್ಟುಕೊಂಡು ನರ್ಸಕ್ಕ ಆ ಕಾರಿನಲ್ಲಿ ಹೋಗದ ಓಣಿಯಿಲ್ಲ. ನಿವೃತ್ತರಾದ ಮೇಲೂ ಓಡಾಟ ನಿಲ್ಲಲಿಲ್ಲ. ಹಾಲು ಕುಡಿಯದ ಕೂಸಿದ್ದರೆ, ಗಾಬರಿಬಿದ್ದ ಹೊಸ ತಾಯಿಯಿದ್ದರೆ, ಮನೆಯವರಿಗೆ ಮೊದಲು ನೆನಪಾಗುತ್ತಿದ್ದದ್ದು ಅವರೇ.

ಅಂಥ ಕಾರು ಈ ಬೇಸಿಗೆಯಲ್ಲಿ ಕೈಕೊಡತೊಡಗಿತು. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು, ಹೂವಿನಂತೆ ಓಡುತ್ತಿತ್ತು. ಅರ್ಧ ಗಂಟೆ ಕಳೆದು ಇಂಜಿನ್ ಬಿಸಿಯೇರಿತೋ, ಎರಡು ಸಲ ಮುಗ್ಗರಿಸಿ ನಡುರಸ್ತೆಯಲ್ಲಿ ನಿಂತುಬಿಡುತ್ತಿತ್ತು. ಆಮೇಲೆ ಎಷ್ಟು ಸಲ ಕೀಲಿ ತಿರುಗಿಸಿದರೂ, ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗುತ್ತಿರಲಿಲ್ಲ. ಮುಕ್ಕಾಲು ಗಂಟೆ ಸುಮ್ಮನೆ ಬಿಟ್ಟರೆ, ಏನೂ ಆಗೇ ಇಲ್ಲವೆಂಬಂತೆ ತಾನಾಗಿಯೇ ಹೊರಡುತ್ತಿತ್ತು.

ಮೊದಲ ಸಲ ನಿಂತದ್ದು ಮಾರ್ಕೆಟ್ ಬೀದಿಯಲ್ಲಿ, ಹಿಂದೆ ಮೂರು ಲಾರಿ ಹಾರ್ನ್ ಬಾರಿಸುತ್ತಿದ್ದಾಗ. ನೂಕಲು ಬಂದ ಐದು ಜನರಲ್ಲಿ ಮೂವರು ನರ್ಸಕ್ಕನ ಕೈಯಲ್ಲೇ ಹುಟ್ಟಿದವರು. ಅವರಲ್ಲೊಬ್ಬ, ಈಗ ಮೀಸೆ ನರೆಯುತ್ತಿರುವ ಬೇಕರಿಯವನು, ಡಿಕ್ಕಿಗೆ ಹೆಗಲು ಕೊಡುತ್ತ ಹೇಳಿದ: "ಅಂದು ಹೆರಿಗೇಲಿ ನಮ್ಮಮ್ಮಂಗೆ ಮುಕ್ಕು ಮುಕ್ಕು ಅಂದ್ರಿ. ಇವತ್ತು ನಮಗೆ ನೂಕು ನೂಕು ಅಂತಿದೀರಿ."

"ಮಾತಾಡ್ಬೇಡ, ಉಸಿರು ಬಿಗಿಹಿಡಿದು ನೂಕು," ಎಂದರು ನರ್ಸಕ್ಕ.

ಅವರ ಹಳೆಯ ಮೆಕ್ಯಾನಿಕ್ ಹಿಂದಿನ ವರ್ಷವೇ ಅಂಗಡಿ ಮುಚ್ಚಿ ಮಗಳ ಮನೆ ಸೇರಿದ್ದ. ಆ ಜಾಗಕ್ಕೆ ಬಂದವನಿಗೆ ಮೂವತ್ತರ ಆಸುಪಾಸು. ಏನು ಹೇಳಿದರೂ "ಆಗತ್ತೆ ಬಿಡಿ" ಅನ್ನುತ್ತಿದ್ದುದರಿಂದ ಊರವರು ಅವನನ್ನು ಆಗತ್ತೆಬಿಡಿ ಎಂದೇ ಕರೆಯುತ್ತಿದ್ದರು. ಅವನು ಮೊದಲು ಕಿಡಿ ಹೊಮ್ಮಿಸುವ ಕಾಯಿಲ್ ಬದಲಾಯಿಸಿದ. ಕಾರು ಹಾಲಿನ ಡೈರಿಯ ಮುಂದೆ ನಿಂತಿತು. ಪೆಟ್ರೋಲ್ ಪಂಪ್ ಹೊಸದು ಹಾಕಿದ. ಶಾಲೆಯ ಗೇಟಿನೆದುರು ನಿಂತಿತು. ಕಾರ್ಬ್ಯುರೇಟರ್ ಬಿಚ್ಚಿ ತೊಳೆದು ಜೋಡಿಸಿದ. ಈ ಸಲ ಅವನ ಅಂಗಡಿಯ ಮುಂದೆಯೇ ನಿಂತಿತು. ಆ ದಿನ ಅವನ ಬಾಯಿಂದ ಆ ಎರಡು ಮಾತು ಬರಲಿಲ್ಲ. ಬಾನೆಟ್ ಎತ್ತಿ, ತಲೆ ಕೆರೆಯುತ್ತ ನಿಂತ.

ನರ್ಸಕ್ಕ ಚೀಲದಿಂದ ಒಂದು ಹಾಳೆ ತೆಗೆದರು. ಆಸ್ಪತ್ರೆಯಲ್ಲಿ ಜ್ವರದ ರೋಗಿಯ ಮಂಚಕ್ಕೆ ತೂಗುಹಾಕುವಂಥ ಪಟ್ಟಿ. ಕಾರು ಹನ್ನೊಂದು ಸಲ ನಿಂತದ್ದನ್ನು ಅದರಲ್ಲಿ ಬರೆದಿಟ್ಟಿದ್ದರು: ಹೊರಟ ಹೊತ್ತು, ನಿಂತ ಹೊತ್ತು, ಶಾಖ ತೋರಿಸುವ ಮುಳ್ಳು ಎಲ್ಲಿತ್ತು, ಆಚೆ ಬಿಸಿಲೋ ಮೋಡವೋ, ಮತ್ತೆ ಹೊರಡಲು ಎಷ್ಟು ನಿಮಿಷ ಬೇಕಾಯಿತು.

"ಔಷಧಿ ಕೊಡೋಕೆ ಮುಂಚೆ ಒಂದ್ಸಲ ಇದನ್ನ ಓದಪ್ಪ," ಎಂದರು.

ಅವನು ಓದಿದ. ಮುಳ್ಳು ಒಮ್ಮೆಯೂ ಕೆಂಪಿಗೆ ಹೋಗಿರಲಿಲ್ಲ. ದೊಡ್ಡ ರಸ್ತೆಯಲ್ಲಿ ಜೋರಾಗಿ ಹೋಗುವಾಗ ಒಮ್ಮೆಯೂ ನಿಂತಿರಲಿಲ್ಲ. ನಿಂತದ್ದೆಲ್ಲ ಆಮೆಯಂತೆ ತೆವಳುವ ಬೀದಿಯಲ್ಲಿ, ಇಲ್ಲವೇ ಯಾರದೋ ಮನೆ ಮುಂದೆ ಹತ್ತು ನಿಮಿಷ ನಿಲ್ಲಿಸಿ ಮತ್ತೆ ಹೊರಟಾಗ. ಮೋಡ ಕವಿದ ದಿನ ತಂಟೆಯೇ ಇಲ್ಲ.

"ಅಂದ್ರೆ ಇಂಜಿನ್ ಅತಿಯಾಗಿ ಕಾಯ್ತಿಲ್ಲ ಅಕ್ಕ," ಎಂದ ನಿಧಾನವಾಗಿ. "ಗಾಳಿ ಆಡದೇ ಇದ್ದಾಗ ಅದರ ಪಕ್ಕದಲ್ಲಿರೋದು ಏನೋ ಕಾಯ್ತಿದೆ."

"ಹಾಗಾದ್ರೆ ನಾಳೆ ಮನೆಗೆ ಬಾ. ಜ್ವರ ಬರಿಸಿಯೇ ನೋಡೋಣ."

ಮರುದಿನ ಮಧ್ಯಾಹ್ನ ನರ್ಸಕ್ಕನ ಮನೆಯಂಗಳದಲ್ಲಿ ಕಾರನ್ನು ನಿಲ್ಲಿಸಿ ಇಂಜಿನ್ ಮಾತ್ರ ಓಡಿಸಿದರು. ಮೂವತ್ತೆರಡನೇ ನಿಮಿಷಕ್ಕೆ ಅದು ಮುಗ್ಗರಿಸಿ ನಿಂತಿತು. ಕಾರು ನಿಂತದ್ದಕ್ಕೆ ನರ್ಸಕ್ಕನಿಗೆ ಅಂದು ಮೊದಲ ಸಲ ಸಂತೋಷವಾಯಿತು. ಆಗತ್ತೆಬಿಡಿ ಮೊದಲು ಪ್ಲಗ್ಗಿನ ವೈರ್ ತೆಗೆದು ಕಿಡಿ ನೋಡಿದ. ನೀಲಿಯಾಗಿ, ಗಟ್ಟಿಯಾಗಿ ಹಾರಿತು. ಕರೆಂಟಿನ ದೋಷವಲ್ಲ. ಆಮೇಲೆ ಪೆಟ್ರೋಲ್ ಹಾದುಬರುವ ಪುಟ್ಟ ಗಾಜಿನ ಬಟ್ಟಲನ್ನು ಬಗ್ಗಿ ನೋಡಿದ. ಒಳಗೆ ಒಲೆಯ ಮೇಲಿಟ್ಟ ನೀರಿನಂತೆ ಗುಳ್ಳೆಗಳು.

"ಪೆಟ್ರೋಲು ಪೈಪಿನಲ್ಲೇ ಕುದೀತಿದೆ ಅಕ್ಕ. ಪಂಪ್ ತಳ್ತಿರೋದು ಬರೀ ಆವಿ."

ನರ್ಸಕ್ಕ ಸರಸರ ಒಳಗೆ ಹೋಗಿ, ಒಂದು ಬಿಳಿ ಬಟ್ಟೆಯನ್ನು ತಣ್ಣೀರಲ್ಲಿ ಅದ್ದಿ, ಹಿಂಡಿ ತಂದರು. ಸಾವಿರ ಹಣೆಗಳ ಮೇಲೆ ತಣ್ಣೀರುಪಟ್ಟಿ ಹಾಕಿದ ಕೈ. ಪಂಪಿನ ಮೇಲೂ ಪೈಪಿನ ಮೇಲೂ ಅದನ್ನು ಸುತ್ತಿದರು, ಒಣಗಿದಾಗ ಮತ್ತೆ ಅದ್ದಿ ಹಾಕಿದರು. ಆರನೇ ನಿಮಿಷಕ್ಕೆ ಕೀಲಿ ತಿರುಗಿಸಿದರೆ ಇಂಜಿನ್ ಗುರ್ರೆಂದಿತು. ಮುಕ್ಕಾಲು ಗಂಟೆ ಬೇಕಾಗಿದ್ದಲ್ಲಿ ಆರು ನಿಮಿಷ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು.

"ಕಾಯಿಲೆ ಸಿಕ್ತು. ಆದ್ರೆ ಇಪ್ಪತ್ತೈದು ವರ್ಷ ಕುದೀದೇ ಇದ್ದದ್ದು ಈಗ್ಯಾಕೆ ಕುದೀತಿದೆ?" ಎಂದರು ನರ್ಸಕ್ಕ.

ಆಗತ್ತೆಬಿಡಿ ಟಾರ್ಚ್ ಹಿಡಿದು ಹುಡುಕಿದ. ಹೊಗೆ ಹೋಗುವ ಕೊಳವೆ ಕೆಂಡದಂತೆ ಕಾದಿತ್ತು. ಅದಕ್ಕೂ ಪೆಟ್ರೋಲ್ ಪೈಪಿಗೂ ನಡುವೆ ಎರಡು ಬೋಲ್ಟುಗಳು ಏನನ್ನೂ ಹಿಡಿದುಕೊಳ್ಳದೆ ಸುಮ್ಮನೆ ಕೂತಿದ್ದವು. "ಇಲ್ಲೇನೋ ಇತ್ತು ಅಕ್ಕ. ಬಿಸಿ ತಾಗದ ಹಾಗೆ ಅಡ್ಡ ಹಾಕಿದ್ರು ಅನ್ಸತ್ತೆ."

ಅಷ್ಟರಲ್ಲಿ ನರ್ಸಕ್ಕನ ಗಂಡ ಟೀ ತಂದರು. ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಮನೆಯಲ್ಲಿ ಅವರ ಕುಂಚ ತಾಗದ ವಸ್ತುವಿರಲಿಲ್ಲ. ಹೆಂಡತಿ ನಿವೃತ್ತಳಾದ ಕಳೆದ ಚಳಿಗಾಲದಲ್ಲಿ ಇಡೀ ಕಾರಿಗೆ ತಾವೇ ಹೊಸ ಬಣ್ಣ ಬಳಿದಿದ್ದರು, ಬಾನೆಟ್ಟಿನ ಒಳಗೂ ಬಿಡದೆ. ಈಗ ಬೋಲ್ಟುಗಳನ್ನು ನೋಡಿದವರೇ ಟ್ರೇ ಹಿಡಿದುಕೊಂಡೇ ನಿಂತರು.

"ಅಲ್ಲಿ ಒಂದು ತಗಡಿತ್ತು," ಎಂದರು. "ತುಕ್ಕು ಹಿಡಿದು ಅಸಹ್ಯವಾಗಿತ್ತು ಕಣೇ. ಅಷ್ಟು ಚೆಂದದ ಬಣ್ಣದ ಮಧ್ಯೆ..."

"ಎಲ್ಲಿದೆ ಅದು?"

ಮೇಷ್ಟ್ರು ಗೇಟಿನ ಕಡೆ ಗದ್ದ ಎತ್ತಿ ತೋರಿಸಿದರು. ಅಲ್ಲಿ ದಾರ ಕಟ್ಟಿ ತೂಗುಹಾಕಿದ ಫಲಕವಿತ್ತು. ಒಂದು ಮಗ್ಗುಲಲ್ಲಿ 'ನರ್ಸಕ್ಕ ಮನೆಯಲ್ಲಿದ್ದಾರೆ', ಮಗುಚಿದರೆ 'ನರ್ಸಕ್ಕ ಹೊರಗೆ ಹೋಗಿದ್ದಾರೆ'. ನಿವೃತ್ತಿಯ ದಿನ ಅವರು ಹೆಂಡತಿಗೆ ಕೊಟ್ಟ ಉಡುಗೊರೆ. "ತೂತುಗಳು ಮೊದಲೇ ಇದ್ವು," ಎಂದರು ತಗ್ಗಿದ ದನಿಯಲ್ಲಿ. "ಅನುಕೂಲ ಆಯ್ತು ಅಂದ್ಕೊಂಡೆ."

ಮೆಕ್ಯಾನಿಕ್ ಟೀ ಲೋಟದೊಳಗೆ ಮುಖ ಹುದುಗಿಸಿದ. ಅವನ ಭುಜ ಕುಲುಕುತ್ತಿತ್ತು. ನರ್ಸಕ್ಕ ಕೋಪ ಮಾಡಿಕೊಳ್ಳಲು ನೋಡಿದರು, ಬರಲಿಲ್ಲ. ಆ ಫಲಕದ ಮೂಲೆಯಲ್ಲಿದ್ದ ಪುಟ್ಟ ತೊಟ್ಟಿಲಿನ ಚಿತ್ರಕ್ಕೆ ಮೇಷ್ಟ್ರು ಮೂರು ದಿನ ಕೂತಿದ್ದು ಅವರಿಗೆ ಗೊತ್ತಿತ್ತು.

"ಎರಡು ಸಾಮಾನು ಬದಲಾಯಿಸ್ದೆ, ಒಂದನ್ನ ತೊಳೆದೆ," ಎಂದ ಆಗತ್ತೆಬಿಡಿ ಉಸಿರು ತಂದುಕೊಂಡು. "ಗೇಟು ತೆಗೆದು ಒಳಗೆ ಬರುವಾಗ ಈ ತಗಡನ್ನೇ ಕೈಯಾರೆ ಪಕ್ಕಕ್ಕೆ ಸರಿಸಿದೀನಿ."

"ಅದನ್ನೇ ಮತ್ತೆ ಹಾಕಿಬಿಡಪ್ಪ," ಎಂದರು ಮೇಷ್ಟ್ರು.

"ಬೇಡ," ಎಂದರು ನರ್ಸಕ್ಕ. "ಅದು ನನ್ನದು. ಕಾರಿಗೆ ಬೇರೆ ಮಾಡಿ."

ಮೇಷ್ಟ್ರು ಫಲಕವನ್ನು ರಟ್ಟಿನ ಮೇಲಿಟ್ಟು ಅಂಚು ಗೀಚಿದರು, ಎಲ್ಲಿ ಬಾಗಬೇಕೋ ಅಲ್ಲಿ ಚುಕ್ಕೆಗೆರೆ ಹಾಕಿದರು. ಮೆಕ್ಯಾನಿಕ್ ಆ ಅಳತೆಗೆ ದಪ್ಪ ತಗಡು ಕತ್ತರಿಸಿ, ಬಾಗಿಸಿ, ಕೂರಿಸಿದ. ಬಣ್ಣ ಬಳಿಯಲು ಮೇಷ್ಟ್ರ ಕೈ ತುರಿಸುತ್ತಿದ್ದರೂ ಸುಮ್ಮನಿದ್ದರು.

ಮುಂದಿನ ವಾರ, ಸುಡು ಬಿಸಿಲಿನಲ್ಲಿ, ರೈಲ್ವೆ ಗೇಟಿನ ಬಳಿ ಗೂಡ್ಸ್ ಗಾಡಿಗಾಗಿ ಇಪ್ಪತ್ತು ನಿಮಿಷ ಕಾಯಬೇಕಾಯಿತು. ನರ್ಸಕ್ಕ ಬೇಕೆಂದೇ ಇಂಜಿನ್ ಆರಿಸಿದರು, ಮತ್ತೆ ಹಚ್ಚಿದರು, ಮತ್ತೆ ಆರಿಸಿದರು. ಪ್ರತಿ ಸಲವೂ ಅದು ಮೊದಲ ಕರೆಗೇ ಓಗೊಟ್ಟಿತು.

"ಸುಮ್ನೆ ಯಾಕೆ ಅದಕ್ಕೆ ಹಿಂಸೆ ಕೊಡ್ತೀಯ?" ಎಂದರು ಪಕ್ಕದಲ್ಲಿ ಕೂತಿದ್ದ ಮೇಷ್ಟ್ರು.

"ನಾಡಿ ನೋಡ್ತಿದೀನಿ ರೀ," ಎಂದರು ನರ್ಸಕ್ಕ. ಗೇಟು ಮೇಲೇರಿತು. ಅವರು ಗೇರ್ ಹಾಕಿ ಮುಂದೆ ಸಾಗಿದರು.